ನಾಲ್ಕು ಬೆರಳು ಮಸಿ

ನಮ್ಮಜ್ಜನ ಕೇಪಿನ ಕೋವಿಗೆ ತೂಕದ ಲೆಕ್ಕ ಇರಲಿಲ್ಲ, ಬೆರಳಿನ ಲೆಕ್ಕ. ನಳಿಗೆಯ ಬಾಯಿಂದ ಮಸಿ ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಗಜದಿಂದ, ಅಂದರೆ ಮದ್ದು ಜಡಿಯುವ ಉದ್ದ ಕಡ್ಡಿಯಿಂದ, ನಾಲ್ಕು ಸಲ ಕುಟ್ಟುತ್ತಿದ್ದರು. ಆಮೇಲೆ ಗಜದ ತುದಿ ನಳಿಗೆಯಿಂದ ಎಷ್ಟು ಬೆರಳು ಮೇಲೆ ನಿಂತಿದೆ ಎಂದು ಅಡ್ಡ ಬೆರಳಿಟ್ಟು ನೋಡುವುದು. ನಾಲ್ಕು ಬೆರಳು ನಿಂತರೆ ಗದ್ದೆಗೆ ಬಂದ ಹಂದಿ ಓಡಿಸುವ ಈಡು. ಮೂರಕ್ಕಿಂತ ಕಡಿಮೆ ಇದ್ದರೆ ‘ಇದು ಕಾಗೆ ಈಡು’ ಅಂತ ನಗುತ್ತಿದ್ದರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೋವಿ ಮದ್ದಿಗೆ ಮಸಿ ಅಂತಲೇ ಹೆಸರು. ಅಡುಗೆಮನೆ ಅಟ್ಟಕ್ಕೆ ಹಿಡಿಯುವುದೂ ಮಸಿ, ಕೋವಿಗೆ ಹಾಕುವುದೂ ಮಸಿ. ಮಳೆಗಾಲದಲ್ಲಿ ಥಂಡಿ ಹಿಡಿಯಬಾರದೆಂದು ಆ ಎರಡನೇ ಮಸಿಯನ್ನು ಬಿದಿರಿನ ಅಂಡೆಯಲ್ಲಿ ತುಂಬಿ ಒಲೆಯ ಮೇಲಿನ ಅಟ್ಟದಲ್ಲೇ ತೂಗುಹಾಕುತ್ತಿದ್ದರು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಆ ಕೋವಿಯಿಂದ ನಾನು ಒಂದು ಈಡನ್ನೂ ಹೊಡೆದವನಲ್ಲ. ಗಜ ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ಚುನಾವಣೆ ಬಂದಾಗ ಕೋವಿ ಪೊಲೀಸ್ ಠಾಣೆಗೆ ಹೋಗುತ್ತಿತ್ತು, ಮುಗಿದ ಮೇಲೆ ವಾಪಸ್ ಬರುತ್ತಿತ್ತು. ಅಜ್ಜ ಹೋದ ಮೇಲೆ ಒಂದು ಸಲ ಹೋದದ್ದನ್ನು ತರಲು ಯಾರೂ ಹೋಗಲಿಲ್ಲ.

ಇದೆಲ್ಲ ಮರೆತು ಹನ್ನೊಂದು ವರ್ಷ ಅಮೆರಿಕದ ಕೊಲೊರಾಡೋ ರಾಜ್ಯದ ಡೆನ್ವರ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿದ್ದೆ. ಗ್ರೀನ್ ಕಾರ್ಡ್ ಬಂದ ವರ್ಷ ಸಹೋದ್ಯೋಗಿಯೊಬ್ಬ ಭಾನುವಾರ ತನ್ನ ಕ್ಲಬ್ಬಿನ ರೇಂಜಿಗೆ ಕರೆದುಕೊಂಡು ಹೋದ. ಎಲ್ಲರೂ ಟಪಟಪ ಹೊಡೆಯುತ್ತಿದ್ದರು. ಮೂಲೆಯಲ್ಲಿ ಒಬ್ಬ ಮುದುಕ ಮಾತ್ರ ನೆಲದ ಮೇಲೆ ಕೂತು, ಎರಡು ಕಡ್ಡಿ ಕತ್ತರಿಯಂತೆ ಕಟ್ಟಿ ಅದರ ಮೇಲೆ ಉದ್ದನೆಯ ಭಾರದ ರೈಫಲ್ ಇಟ್ಟು, ನಾಲ್ಕೈದು ನಿಮಿಷಕ್ಕೊಂದು ಈಡು ಹೊಡೆಯುತ್ತಿದ್ದ. ಧಡ್ ಅನ್ನುವ ಶಬ್ದ, ಬಿಳಿ ಹೊಗೆ, ಆಮೇಲೆ ಆ ವಾಸನೆ. ಗಂಧಕದ ವಾಸನೆ ಮೂಗಿಗೆ ಹೊಡೆದದ್ದೇ ನನಗೆ ಅಜ್ಜನ ಮನೆಯ ಹೆಬ್ಬಾಗಿಲು ಕಣ್ಣ ಮುಂದೆ ಬಂತು. ಆರು ತಿಂಗಳ ನಂತರ ನನ್ನ ಹತ್ತಿರವೂ ಅಂಥದ್ದೊಂದು ಇತ್ತು: ಶಾರ್ಪ್ಸ್ 1874ರ ಮಾದರಿ, ಇಟಲಿಯಲ್ಲಿ ತಯಾರಾದ ನಕಲು. ಕೆಳಗಿನ ಲಿವರ್ ಎಳೆದರೆ ಹಿಂದಿನ ಉಕ್ಕಿನ ಬಾಗಿಲು ಕೆಳಗಿಳಿಯುತ್ತದೆ, ಒಂದು ತೋಟೆ ತೂರಿಸಿ ಬಾಗಿಲು ಮುಚ್ಚಬೇಕು. ಒಂದು ಸಲಕ್ಕೆ ಒಂದೇ ಈಡು.

ತೋಟೆಯ ಹೆಸರು 45-70. ಅಮೆರಿಕದ ಸೈನ್ಯ 1873ರಲ್ಲಿ ತನ್ನ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಆರಿಸಿಕೊಂಡದ್ದು. 45 ಅಂದರೆ ಗುಂಡಿನ ಅಗಲ, ಇಂಚಿನ ನೂರರಲ್ಲಿ ನಲವತ್ತೈದು ಪಾಲು. 70 ಅಂದರೆ 70 ಗ್ರೇನ್ ಕಪ್ಪು ಮದ್ದು. 7000 ಗ್ರೇನಿಗೆ ಒಂದು ಪೌಂಡ್, ಅಂದರೆ 70 ಗ್ರೇನ್ ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಗ್ರಾಂ. ಹೆಸರಿನಲ್ಲೇ ಈಡು ಬರೆದಿದೆ, ಇನ್ನೇನು ಆರಿಸುವುದು ಅಂದುಕೊಂಡೆ. ನನ್ನ ಮೊದಲ ದಡ್ಡತನ ಅದು. ಆಗಿನ ತೋಟೆಯ ತಗಡು ತೆಳು, ತಳದಲ್ಲೂ ಜಾಗ ಇತ್ತು. ಈಗಿನ ಹಿತ್ತಾಳೆ ಕೇಸಿನ ತಳ ಗಟ್ಟಿ, ಗೋಡೆ ದಪ್ಪ. ಉದ್ದ ಗುಂಡು ಕೂರಿಸಲು ಜಾಗ ಬಿಟ್ಟು 70 ಗ್ರೇನ್ ತುಂಬಬೇಕೆಂದರೆ ಅದುಮಬೇಕು, ಚೆನ್ನಾಗಿಯೇ ಅದುಮಬೇಕು.

ಮದ್ದು ಕೊಳ್ಳುವುದೂ ಸುಲಭವಿರಲಿಲ್ಲ. ಹೊಗೆಯಿಲ್ಲದ ಆಧುನಿಕ ಪುಡಿ ಬಹಳಷ್ಟು ಬಂದೂಕಿನಂಗಡಿಗಳ ಕಪಾಟಿನಲ್ಲಿ ಸಿಗುತ್ತದೆ. ಕಪ್ಪು ಮದ್ದು ಕಾನೂನಿನ ಕಣ್ಣಲ್ಲಿ ಸ್ಫೋಟಕ. ಅಂಗಡಿಯವನು ಬೇರೆ ಥರದ ಪೆಟ್ಟಿಗೆಯಲ್ಲಿ, ಬೇರೆ ಪರವಾನಗಿ ಮಾಡಿಸಿ ಇಡಬೇಕು, ಅದಕ್ಕೆ ಹೆಚ್ಚಿನವರು ಇಡುವುದೇ ಇಲ್ಲ. ತರಿಸಿಕೊಂಡರೆ ಸಾಗಣೆಯ ದಂಡವೇ ಒಂದು ಡಬ್ಬಿಯ ಬೆಲೆ. ಹಾಗಾಗಿ ಕ್ಲಬ್ಬಿನಲ್ಲಿ ಐದಾರು ಜನ ಸೇರಿ ಒಟ್ಟಿಗೆ ತರಿಸಿ ಹಂಚಿಕೊಳ್ಳುತ್ತಾರೆ, ನಮ್ಮಲ್ಲಿ ಗೊಬ್ಬರದ ಲಾರಿ ತರಿಸಿ ಹಂಚಿಕೊಂಡ ಹಾಗೆ. ಫೋನಿನಲ್ಲಿ ಇದನ್ನು ಹೇಳಿದಾಗ ಅಪ್ಪಯ್ಯ, ‘ಎಂತ ಮಾರಾಯ, ಅಷ್ಟು ದೂರ ಹೋಗಿ ಓದಿದ್ದು ಮಸಿ ತಗಳಕಾ?’ ಅಂದರು.

ಡಬ್ಬಿಯ ಮೇಲೆ ಎಫ್ ಅಕ್ಷರಗಳು. ಎಫ್ ಹೆಚ್ಚಾದಷ್ಟೂ ಕಾಳು ಸಣ್ಣ. ಅಡುಗೆಮನೆ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಫ್ ರಾಗಿ ಕಾಳು, ಎರಡು ಎಫ್ ಗಸಗಸೆ, ಮೂರು ಎಫ್ ಚಿರೋಟಿ ರವೆ. ಸಣ್ಣ ಕಾಳು ಬೇಗ ಉರಿಯುತ್ತದೆ, ಒತ್ತಡ ಬೇಗ ಏರುತ್ತದೆ. ಪಿಸ್ತೂಲಿಗೆ, ಸಣ್ಣ ನಳಿಗೆಗೆ ಸರಿ. ಭಾರದ ಗುಂಡನ್ನು ಉದ್ದ ನಳಿಗೆಯಲ್ಲಿ ತಳ್ಳಿಕೊಂಡು ಹೋಗುವುದಕ್ಕೆ ದಪ್ಪ ಕಾಳು ಬೇಕು. ಸ್ವಿಟ್ಜರ್ಲೆಂಡಿನ ಓಬಾನ್‌ನಲ್ಲಿ ತಯಾರಾಗುವ ‘ಸ್ವಿಸ್’ ಮದ್ದಿನಲ್ಲಿ ಒಂದು ಮತ್ತು ಎರಡರ ನಡುವೆ ಒಂದೂವರೆ ಎಫ್ ಅನ್ನುವ ಕಾಳೂ ಇದೆ. ಈ ಆಟದವರಲ್ಲಿ ಬಹಳ ಜನ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಅದು ನನಗೆ ಆಗ ಗೊತ್ತಿರಲಿಲ್ಲ. ಕಡಿಮೆ ಬೆಲೆಯ ಎರಡು ಎಫ್ ಡಬ್ಬಿ ತಂದೆ. ಡಬ್ಬಿಯ ಹೆಸರು ಹೇಳುವುದಿಲ್ಲ, ತಪ್ಪು ಅದರದ್ದಲ್ಲ.

ಮೊದಲ ಭಾನುವಾರ. ಅಂಗಡಿಯಿಂದ ತಂದ 405 ಗ್ರೇನಿನ ಸೀಸದ ಗುಂಡು, ಸುತ್ತ ಗಟ್ಟಿ ನೀಲಿ ಮೇಣ. ಕೊಳವೆಯಿಟ್ಟು 70 ಗ್ರೇನ್ ಸುರಿದು, ಗುಂಡನ್ನೇ ಮೇಲಿಟ್ಟು ಪ್ರೆಸ್ಸಿನಲ್ಲಿ ಒತ್ತಿ ಇಪ್ಪತ್ತು ತೋಟೆ ಮಾಡಿಕೊಂಡು ಹೋಗಿದ್ದೆ. ನೂರು ಗಜದಲ್ಲಿ ಮೊದಲ ಮೂರು ಈಡು ಅಂಗೈ ಅಗಲದಲ್ಲಿ ಬಿದ್ದವು. ಎದೆ ಉಬ್ಬಿತು. ಐದನೆಯದು ಒಂದು ಗೇಣು ಆಚೆ. ಎಂಟನೆಯದು ಕಾಗದದ ಮೇಲೆ ದುಂಡಗಿನ ತೂತಿನ ಬದಲು ಬೀಗದ ಕೈ ತೂತಿನ ಆಕಾರ ಕೊರೆದಿತ್ತು, ಅಂದರೆ ಗುಂಡು ಅಡ್ಡಡ್ಡ ಹೋಗಿದೆ. ಹತ್ತನೆಯ ತೋಟೆ ಒಳಗೇ ಹೋಗಲಿಲ್ಲ. ಹೆಬ್ಬೆರಳಲ್ಲಿ ಒತ್ತಿದರೂ ಕಾಲಿಂಚು ಹೊರಗೇ ನಿಂತಿತು.

ಮೂಲೆಯ ಮುದುಕ ಎದ್ದು ಬಂದ. ಎಪ್ಪತ್ತು ದಾಟಿದವ. ಇಲ್ಲಿ ವಯಸ್ಸಾದವರನ್ನೂ ಹೆಸರು ಹಿಡಿದೇ ಕರೆಯಬೇಕು, ನನ್ನ ಮನಸ್ಸಿನಲ್ಲಿ ಮಾತ್ರ ಅವತ್ತಿನಿಂದ ಅವರು ಅಜ್ಜ. ರೈಫಲ್ಲಿನ ಬಾಗಿಲು ಇಳಿಸಿ, ಹಿಂದಿನಿಂದ ಬಿಳಿ ಕಾಗದ ಹಿಡಿದು, ನಳಿಗೆಯೊಳಗೆ ನೋಡಲು ಹೇಳಿದರು. ಬೇಸಿಗೆಯಲ್ಲಿ ಒಣಗಿ ಬಿರಿದ ಕೆರೆಯಂಗಳದ ಹಾಗಿತ್ತು. ಆಮೇಲೆ ನಳಿಗೆಯ ಬಾಯಿ ತೋರಿಸಿದರು, ಒಣಗಿದ ಬೂದಿ ಬಣ್ಣ. ‘ಗುಂಡು ಎಲ್ಲಿ ಹೋಯಿತು ಅಂತ ಆಮೇಲೆ ನೋಡು. ಮೊದಲು ನಳಿಗೆಯಲ್ಲಿ ಏನು ಉಳಿಯಿತು ಅಂತ ನೋಡು’ ಅಂದರು. ಮುಂದಿನ ಒಂದು ವರ್ಷ ನಾನು ಕಲಿತದ್ದೆಲ್ಲ ಈ ಮಾತಿನ ಬಾಲ ಹಿಡಿದುಕೊಂಡೇ.

ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಉರಿದ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯಾಗುವುದೇ ಇಲ್ಲ, ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹೊರಟುಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಮದ್ದೂ ಮಸಿ, ಉಳಿಯುವುದೂ ಮಸಿ. ನಮ್ಮೂರಿನವರು ಎರಡಕ್ಕೂ ಒಂದೇ ಹೆಸರಿಟ್ಟದ್ದು ಸುಮ್ಮನೆ ಅಲ್ಲ ಅಂತ ಆ ದಿನ ಅನ್ನಿಸಿತು. ಈ ಉಳಿಕೆ ಮೆತ್ತಗಿದ್ದರೆ ಮುಂದಿನ ಗುಂಡು ಅದನ್ನು ಒರೆಸಿಕೊಂಡು ಹೋಗುತ್ತದೆ. ಗಟ್ಟಿಯಾದರೆ ಅದರ ಮೇಲೆ ಉಜ್ಜಿಕೊಂಡು, ಸೀಸ ಕೆರೆಸಿಕೊಂಡು ಹೋಗುತ್ತದೆ. ಕೊಲೊರಾಡೋದ ಗಾಳಿಯಲ್ಲಿ ಹಪ್ಪಳ ನೆರಳಲ್ಲಿಟ್ಟರೂ ಒಣಗುತ್ತದೆ, ಇನ್ನು ಬಿಸಿ ನಳಿಗೆಯ ಮಸಿ ಕೇಳಬೇಕೆ? ಮೆತ್ತಗಿಡಬೇಕಾದದ್ದು ಗುಂಡಿನ ಮೇಣ. ನನ್ನ ಗುಂಡಿನ ನೀಲಿ ಮೇಣ ಹೊಗೆಯಿಲ್ಲದ ಪುಡಿಗೆ ಮಾಡಿದ್ದು, ಗಟ್ಟಿ ಮತ್ತು ಕಡಿಮೆ. ಅಜ್ಜ ತಮ್ಮ ನಳಿಗೆಯ ಬಾಯಿ ತೋರಿಸಿದರು: ಎಣ್ಣೆ ಜಿಡ್ಡಿನ ನಕ್ಷತ್ರ, ಒಳಗೆ ಕೊರೆದ ಒಂದೊಂದು ಗಾಡಿಗೂ, ಅಂದರೆ ಗೀರಿಗೂ, ಒಂದೊಂದು ಕಿರಣ. ಹತ್ತನೆಯ ಈಡಿನ ನಂತರವೂ ಆ ನಕ್ಷತ್ರ ಕಂಡರೆ ಮೇಣ ಸಾಕಾಗಿದೆ ಅಂತ ಅರ್ಥ.

ಹಾಗಾಗಿ ಮದ್ದು ಆರಿಸುವ ಕೆಲಸ ಗುಂಡಿನಿಂದ ಶುರುವಾಯಿತು. ನಾನೇ ಎರಕ ಹೊಯ್ಯಲು ಕಲಿತೆ. 20 ಪಾಲು ಸೀಸಕ್ಕೆ 1 ಪಾಲು ತವರ. 535 ಗ್ರೇನಿನ ಉದ್ದ ಗುಂಡಿನ ಅಚ್ಚು, ನನ್ನ ನಳಿಗೆ 18 ಇಂಚಿಗೆ ಒಂದು ಸುತ್ತು ತಿರುಗಿಸುವುದರಿಂದ ಅಷ್ಟು ಉದ್ದ ತಾಳುತ್ತದೆ. ಅಡುಗೆಮನೆ ಒಲೆಯ ಹತ್ತಿರ ಸೀಸದ ಪಾತ್ರೆ ಬರಕೂಡದು ಅಂತ ಹೆಂಡತಿ ಮೊದಲೇ ಗೆರೆ ಎಳೆದಳು, ಸರಿಯಾಗಿಯೇ ಎಳೆದಳು. ಹಿತ್ತಲಲ್ಲಿ, ಗಾಳಿಗೆ ಬೆನ್ನು ಮಾಡಿ, ಕೈಗವಸು ಹಾಕಿಕೊಂಡು. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಗುಂಡಿನ ಗಾಡಿಗಳಿಗೆ ಜೇನುಮೇಣ ಸೇರಿದ ಮೆತ್ತನೆಯ ಮೇಣ. ಪೆಟ್ರೋಲಿಯಂ ಗ್ರೀಸು ಹಾಕಿದರೆ ಮಸಿಯ ಜೊತೆ ಸೇರಿ ಡಾಂಬರಾಗುತ್ತದೆ.

ಆಮೇಲೆ ತುಂಬುವ ಕ್ರಮ. ಅಜ್ಜ ಎರಡಡಿ ಉದ್ದದ ಹಿತ್ತಾಳೆ ಕೊಳವೆ ಕೊಟ್ಟರು. ಅದರ ಮೇಲಿನಿಂದ ಮದ್ದನ್ನು ನಿಧಾನಕ್ಕೆ, ಸಣ್ಣ ಧಾರೆಯಾಗಿ ಬಿಡಬೇಕು. ಕೊಳಗದಲ್ಲಿ ಭತ್ತ ಅಳೆಯುವಾಗ ಕುಲುಕಿದರೆ ಇನ್ನೊಂದು ಹಿಡಿ ಹಿಡಿಯುತ್ತದಲ್ಲ, ಹಾಗೆಯೇ ಕಾಳುಗಳು ಒಂದರ ಪಕ್ಕ ಒಂದು ಸರಿದು ಕೂರುತ್ತವೆ, ಅದೇ ತೂಕದ ಮದ್ದು ಕೇಸಿನಲ್ಲಿ ಕಾಣುವಷ್ಟು ಕೆಳಗಿಳಿಯುತ್ತದೆ. ಮೇಲೆ ಒಂದು ತೆಳು ನಾರಿನ ಬಿಲ್ಲೆ. ಅದರ ಮೇಲೆ ಒಂದು ಉಕ್ಕಿನ ಕಡ್ಡಿಯಿಂದ ಅದುಮಬೇಕು, ಗುಂಡಿನಿಂದಲ್ಲ. ನಾನು ಮೊದಲ ದಿನ ಮಾಡಿದ ಹಾಗೆ ಗುಂಡಿನಿಂದಲೇ ಅದುಮಿದರೆ ಮೆತ್ತನೆಯ ಸೀಸದ ಮೂತಿ ಸೊಟ್ಟಗಾಗುತ್ತದೆ, ತಳ ಉಬ್ಬುತ್ತದೆ. ಉಳಿದಿದ್ದ ಹತ್ತು ತೋಟೆಯಲ್ಲಿ ಒಂದನ್ನು ಬಿಚ್ಚಿ ನೋಡಿದೆ, ಗುಂಡು ಕುಡಿದವನ ಟೋಪಿಯ ಹಾಗೆ ವಾಲಿತ್ತು.

ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಿಡಕೂಡದು, ಇದು ಕಪ್ಪು ಮದ್ದಿನ ಮೊದಲ ಕಟ್ಟಳೆ. ಹೊಗೆಯಿಲ್ಲದ ಪುಡಿ ತುಂಬಿ ಅಭ್ಯಾಸವಾದವರಿಗೆ ಇದು ವಿಚಿತ್ರ. ಇಲ್ಲಿ ಖಾಲಿ ಜಾಗವಿದ್ದರೆ ನಳಿಗೆಯ ಬುಡದಲ್ಲಿ ಬಳೆಯಂಥ ಉಬ್ಬು ಮೂಡಿ ರೈಫಲ್ ಹಾಳಾಗುವ ಸಂಭವ. ಅದಕ್ಕಿಂತ ಘೋರ ತಪ್ಪು ಇನ್ನೊಂದಿದೆ: 70 ಅಂತ ಹೆಸರಲ್ಲಿದೆಯಲ್ಲ ಎಂದು ಹೊಗೆಯಿಲ್ಲದ ಪುಡಿಯನ್ನು ಆ ಲೆಕ್ಕದಲ್ಲಿ ತುಂಬುವುದು. ರೈಫಲ್ ಒಡೆಯುತ್ತದೆ, ಹೊಡೆದವನ ಮುಖವೂ ಉಳಿಯುವುದಿಲ್ಲ. ನನ್ನ ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರುತ್ತದೆ. ಫೋನು ಇನ್ನೊಂದು ಕೋಣೆಯಲ್ಲಿ.

ಒಂದು ಇಡೀ ಚಳಿಗಾಲ ಪಟ್ಟಿ ಪುಸ್ತಕ ಹಿಡಿದು ಕೂತೆ. ಹಳೆಯ ಎರಡು ಎಫ್ ಡಬ್ಬಿಯಲ್ಲಿ ಇನ್ನೂ ಅರ್ಧ ಇತ್ತು. ಸ್ವಿಸ್ ಒಂದೂವರೆ ಎಫ್ ಒಂದು ಡಬ್ಬಿ ಹೊಸದಾಗಿ ಬಂತು. ಮೊದಲ ತಿಂಗಳು ಹಾಳಾದದ್ದು ನನ್ನ ಆತುರದಿಂದ. ಮದ್ದು ಬದಲಿಸಿದ ದಿನವೇ ಮದ್ದಿಗೆ ಕಿಡಿ ಕೊಡುವ ತೋಟೆಯ ತಳದ ಪ್ರೈಮರನ್ನೂ ಬದಲಿಸಿದೆ, ಬಿಲ್ಲೆಯನ್ನೂ ಬದಲಿಸಿದೆ. ಕಾಗದದ ಮೇಲೆ ಗುಂಡು ಬಿದ್ದ ಗುಂಪು ಚಿಕ್ಕದಾಯಿತು. ಯಾವುದರಿಂದ ಚಿಕ್ಕದಾಯಿತು? ದೇವರಿಗೇ ಗೊತ್ತು. ಕಚೇರಿಯಲ್ಲಿ ಕೋಡಿನಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಅಂತ ಹುಡುಗರಿಗೆ ಬೈಯುವವನು ನಾನೇ. ಮತ್ತೆ ಮೊದಲಿಂದ ಶುರು ಮಾಡಿದೆ. ಕೈಪಿಡಿಯಲ್ಲಿ ಕೊಟ್ಟ ಮಿತಿಯೊಳಗೆ, ಕೆಳಗಿನಿಂದ ಮೇಲೆ, ಒಂದೊಂದೇ ಗ್ರೇನ್ ಏರಿಸುತ್ತಾ, ಪ್ರತಿಯೊಂದಕ್ಕೂ ಹತ್ತು ಈಡು. ಮೊದಲು ಐದೈದೇ ಹೊಡೆಯುತ್ತಿದ್ದೆ. ಐದು ಸಾಲದು, ಮಸಿ ತನ್ನ ಬಣ್ಣ ತೋರಿಸುವುದು ಆರರ ನಂತರ ಅಂತ ಅಜ್ಜ ಹತ್ತು ಮಾಡಿಸಿದರು.

ಎರಡು ಡಬ್ಬಿಯ ಸ್ವಭಾವವೇ ಬೇರೆ. ಹಳೆಯದಕ್ಕೆ ಅದುಮುವುದೆಂದರೆ ಇಷ್ಟ. ಕಾಲಿಂಚಿನ ಹತ್ತಿರ ಅದುಮಿದರೆ ವೇಗ ಒಂದೇ ಸಮ ಬರುತ್ತಿತ್ತು, ಸಡಿಲ ಬಿಟ್ಟರೆ ಮೇಲೆ ಕೆಳಗೆ. ಸ್ವಿಸ್ ಹಾಗಲ್ಲ, ಗುಂಡಿನ ತಳ ಮುಟ್ಟಿಸಿ ತುಸು ಒತ್ತಿದರೆ ಸಾಕು, ಜಾಸ್ತಿ ಅದುಮಿದರೆ ಮುನಿಸು. ಅದೇ ಅಳತೆಯಲ್ಲಿ ಹೆಚ್ಚು ವೇಗ ಕೊಡುತ್ತದೆ, ಹಾಗಾಗಿ ಕಡಿಮೆ ಹಾಕಬೇಕು. ಮುಖ್ಯವಾಗಿ ಅದು ಬಿಟ್ಟುಹೋಗುವ ಮಸಿ ತುಪ್ಪ ಸವರಿದ ಬಾಣಲೆಯ ತಳದ ಹಾಗೆ ಜಿಡ್ಡಾಗಿರುತ್ತದೆ, ಬೆರಳಿಗೆ ಹತ್ತುತ್ತದೆ. ಹಳೆಯದರ ಮಸಿ ಬೆರಳಿಗೆ ಹರಳಾಗಿ ತಗಲುತ್ತಿತ್ತು.

66 ಗ್ರೇನ್ ಸ್ವಿಸ್ ಹಾಕಿದಾಗ ವೇಗ ಅಳೆಯುವ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 1200 ಅಡಿ ಬಂತು. 64ಕ್ಕೆ 1175. ನಾನು 66ನ್ನೇ ಹಿಡಿದುಕೊಂಡು ಕೂತಿದ್ದೆ. ಮೊದಲ ಐದು ಗುಂಡು ಬಿದ್ದ ಗುಂಪು ನೋಡಿದರೆ ಯಾರೂ ಅದನ್ನೇ ಆರಿಸುತ್ತಾರೆ. ಹತ್ತನೆಯ ಈಡಿನವರೆಗೂ ಹೊಡೆದಾಗ 66ರ ಎಂಟು, ಒಂಬತ್ತು, ಹತ್ತು ಮೇಲಕ್ಕೆ ಹರಡಿಕೊಂಡವು, ನಳಿಗೆಯ ಬಾಯಿಯ ನಕ್ಷತ್ರವೂ ಮಾಯ. 64ರ ಹತ್ತನೆಯ ಗುಂಡು ಮೊದಲನೆಯದರ ಪಕ್ಕದಲ್ಲೇ ಬಿತ್ತು. ಮೇಣ ಎಷ್ಟು ಮಸಿಯನ್ನು ಮೆತ್ತಗಿಡಬಲ್ಲದೋ ಅಷ್ಟೇ ಮದ್ದು ಹಾಕಬೇಕು, ನನ್ನ ರೈಫಲ್ಲಿನಲ್ಲಿ ಆ ಗಡಿ 64ರ ಆಸುಪಾಸು. ಈ ಅಂಕಿ ನನ್ನ ನಳಿಗೆಗೆ, ನನ್ನ ಗುಂಡಿಗೆ ಮಾತ್ರ. ಅಜ್ಜನದ್ದೂ 45-70, ಅವರದ್ದು ಬೇರೆ ಅಂಕಿ. ಯಾರಾದರೂ ಅಂಕಿ ಕೇಳಿದರೆ ಅವರು ಹೇಳುವುದಿಲ್ಲ, ಕೊಳವೆ ಕೊಡುತ್ತಾರೆ.

ಇನ್ನು ಉಸಿರು. ಈಡು ಈಡಿನ ನಡುವೆ ಮಸಿ ಮೆತ್ತಗಿಡಲು ಎರಡು ದಾರಿ: ಒದ್ದೆ ಬಟ್ಟೆಯಿಂದ ನಳಿಗೆ ಒರೆಸುವುದು, ಇಲ್ಲವೇ ಖಾಲಿ ತೋಟೆಗೆ ಜೋಡಿಸಿದ ಒಂದು ಕೊಳವೆಯನ್ನು ಹಿಂದಿನಿಂದ ಇಟ್ಟು ನಿಧಾನವಾಗಿ ಬಾಯಿಂದ ಊದುವುದು. ಒರೆಸುವುದು ನಂಬಿಕಸ್ಥ, ಊದುವುದು ವೇಗ. ನಾನು ಊದುವವನು. ತಂಪಿನ ಬೆಳಿಗ್ಗೆ ಮೂರು ಉಸಿರು ಸಾಕು. ಮಧ್ಯಾಹ್ನ ಆರು ಊದಿದರೂ ನಳಿಗೆ ಇನ್ನೂ ಬಾಯಾರಿದ ಹಾಗೇ ಇರುತ್ತದೆ. ಒಲೆ ಊದುಗೊಳವೆ ಹಿಡಿದು ಬೆಳೆದವನಿಗೆ ಇದೇನು ಹೊಸದಲ್ಲ ಅಂತ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ.

ಪೆಟ್ಲುಪ್ಪಿನ ಬಗ್ಗೆ ಒಂದು ಮಾತು ಇಲ್ಲಿ ಹೇಳದೆ ಇರಲಾರೆ. ಈ ರೈಫಲ್ಲುಗಳ ಕಾಲಕ್ಕೆ ಸ್ವಲ್ಪ ಮೊದಲು, ಅಮೆರಿಕದ ಅಂತರ್ಯುದ್ಧದಲ್ಲಿ, ಮದ್ದಿಗೆ ಬೇಕಾದ ಒಳ್ಳೆಯ ಪೆಟ್ಲುಪ್ಪು ಬರುತ್ತಿದ್ದುದು ಭಾರತದಿಂದ, ಬಿಹಾರದ ಮಣ್ಣಿನಿಂದ, ಬ್ರಿಟಿಷರ ಕೈ ಹಾದು. 1861ರ ಕೊನೆಗೆ ಡೆಲವೇರ್‌ನ ಮದ್ದಿನ ಕಾರ್ಖಾನೆಯ ಲ್ಯಾಮೊಟ್ ಡುಪಾಂಟ್ ಲಂಡನ್ನಿಗೇ ಹೋಗಿ ಅದನ್ನು ರಾಶಿಗಟ್ಟಲೆ ಕೊಂಡ. ಅಷ್ಟರಲ್ಲಿ ಎರಡು ದೇಶಗಳ ನಡುವೆ ಜಗಳ ಎದ್ದು ಬ್ರಿಟಿಷ್ ಸರ್ಕಾರ ಹಡಗು ತಡೆದಿತ್ತು, ಜಗಳ ತಣ್ಣಗಾದ ಮೇಲೆ ಬಿಟ್ಟಿತು. ಅಪ್ಪಯ್ಯನಿಗೆ ಈ ಕಥೆ ಹೇಳಿದಾಗ, ‘ನಮ್ಮ ಮಸಿಯನ್ನೇ ಕೊಂಡು ನಮಗೇ ಮಾರ್ತಾರನಾ?’ ಅಂದರು.

ಬೇಸಿಗೆಯಲ್ಲಿ ಅಜ್ಜನ ಜೊತೆ ರಟೋನ್‌ಗೆ ಹೋದೆ. ಡೆನ್ವರ್‌ನಿಂದ ದಕ್ಷಿಣಕ್ಕೆ ಮೂರೂವರೆ ಗಂಟೆ ದಾರಿ, ಗಡಿ ದಾಟಿದರೆ ನ್ಯೂ ಮೆಕ್ಸಿಕೊ. ಅಲ್ಲಿನ ವಿಟಿಂಗ್ಟನ್ ಕೇಂದ್ರದ ರೇಂಜಿನಲ್ಲಿ 1985ರಿಂದ ಈ ರೈಫಲ್ಲುಗಳ ರಾಷ್ಟ್ರೀಯ ಪಂದ್ಯ ನಡೆಯುತ್ತದೆ. ನಾವು ಹೋದದ್ದು ಅದಕ್ಕಲ್ಲ, ಒಂದು ಸಣ್ಣ ಕ್ಲಬ್ ಪಂದ್ಯಕ್ಕೆ. ಗುರಿಗಳು ಉಕ್ಕಿನ ತಗಡಿನಲ್ಲಿ ಕತ್ತರಿಸಿದ ಪ್ರಾಣಿಗಳು: 200 ಮೀಟರಿನಲ್ಲಿ ಕೋಳಿ, 300ರಲ್ಲಿ ಹಂದಿ, 385ರಲ್ಲಿ ಟರ್ಕಿ ಕೋಳಿ, 500ರಲ್ಲಿ ಟಗರು. ಕೋಳಿಗೆ ನಿಂತುಕೊಂಡೇ ಹೊಡೆಯಬೇಕು, ಉಳಿದವಕ್ಕೆ ಕತ್ತರಿ ಕಡ್ಡಿ ಇಟ್ಟುಕೊಳ್ಳಬಹುದು. ಗುಂಡು ತಾಗಿದರೆ ಸಾಲದು, ಪ್ರಾಣಿ ಬೀಳಬೇಕು. ಭಾರದ ನಿಧಾನ ಗುಂಡಿನ ಬೆಲೆ ಗೊತ್ತಾಗುವುದು 500 ಮೀಟರಿನ ಟಗರಿನ ಎದುರು. ಹಗುರ ಗುಂಡು ತಾಗಿ ಠಣ್ ಅಂದರೂ ಟಗರು ತಲೆಯಲ್ಲಾಡಿಸಿ ನಿಲ್ಲುತ್ತದೆ.

ನಿಂತು ಹೊಡೆದ ಹತ್ತು ಕೋಳಿಯಲ್ಲಿ ಎರಡು ಬಿದ್ದವು, ಅದರಲ್ಲಿ ಒಂದು ಕಲ್ಲಿಗೆ ತಾಗಿ ಪುಟಿದ ಗುಂಡಿನಿಂದ ಅಂತ ನನ್ನ ಗುಮಾನಿ. ಹಂದಿ ಆರು. ಹಂದಿ ಓಡಿಸುವುದು ನಮ್ಮ ರಕ್ತದಲ್ಲೇ ಇದೆ. ಟರ್ಕಿ ಮೂರು. ಟಗರಿಗೆ ಬರುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು, ಅಡ್ಡಗಾಳಿ, ನಳಿಗೆ ಮುಟ್ಟಿದರೆ ಕೈ ಸುಡುತ್ತಿತ್ತು. ಅಜ್ಜ ಪಕ್ಕದಲ್ಲಿ ದುರ್ಬೀನು ಹಿಡಿದು ಗುಂಡು ಬಿದ್ದ ಜಾಗ ಹೇಳುತ್ತಿದ್ದರು. ಏಳು ಉಸಿರು ಊದಿದೆ. ಟ್ರಿಗರ್ ಎಳೆದ ಮೇಲೆ ಹೊಗೆ ಬಿಟ್ಟರೆ ಏನೂ ಕಾಣುವುದಿಲ್ಲ. ಗುಂಡು ಅಲ್ಲಿಗೆ ಮುಟ್ಟಲು ಒಂದೂವರೆ ಸೆಕೆಂಡಿಗಿಂತ ಹೆಚ್ಚು, ಶಬ್ದ ವಾಪಸ್ ಬರಲು ಹೆಚ್ಚೂಕಡಿಮೆ ಅಷ್ಟೇ. ಆ ಮೂರು ಸೆಕೆಂಡಿನಲ್ಲಿ ಮನುಷ್ಯ ಎಷ್ಟು ದೇವರನ್ನು ನೆನೆಯಬಹುದು ಅಂತ ಆಶ್ಚರ್ಯವಾಗುತ್ತದೆ. ಠಣ್. ಅಜ್ಜ ಏನೂ ಹೇಳಲಿಲ್ಲ, ಮುಂದಿನ ತೋಟೆ ತೆಗೆದು ಕೈಗಿಟ್ಟರು. ಹತ್ತರಲ್ಲಿ ಐದು ಟಗರು ಬಿದ್ದವು. ಕೊನೆಯದು ಹತ್ತನೆಯ ಈಡಿನದ್ದೇ. ಒಟ್ಟು ನಲವತ್ತಕ್ಕೆ ಹದಿನಾರು. ಪಟ್ಟಿಯಲ್ಲಿ ಕೆಳಗಿನಿಂದ ಎಣಿಸಿದರೆ ಬೇಗ ಸಿಗುವ ಜಾಗ.

ಮನೆಗೆ ಬಂದ ರಾತ್ರಿಯೇ ತೋಟೆ ತೊಳೆಯಬೇಕು, ಬಿಟ್ಟರೆ ಹಿತ್ತಾಳೆ ಹಸಿರುಗಟ್ಟುತ್ತದೆ. ಸೋಪು ನೀರಿನಲ್ಲಿ ನೆನೆಸಿ, ಬಿಸಿನೀರು ಹೊಯ್ದು ನಳಿಗೆಗೂ ಬಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಹೆಂಡತಿ ಬಾಗಿಲು ಹಾಕಿಕೊಂಡಳು. ಗರಾಜಿನಲ್ಲಿ ಕೂತು ಕುಂಚದಲ್ಲಿ ಒಂದೊಂದೇ ಕೇಸು ತಿಕ್ಕುತ್ತಿದ್ದಾಗ ಅಪ್ಪಯ್ಯನ ವಿಡಿಯೊ ಕರೆ ಬಂತು. ಊರಲ್ಲಿ ಬೆಳಗಿನ ಹೊತ್ತು, ಹೊರಗೆ ಮಳೆ ಸುರಿಯುವುದು ಕೇಳುತ್ತಿತ್ತು. ಐದು ಟಗರಿನ ವಿಷಯ ಹೇಳಿದೆ. ಐನೂರು ಮೀಟರ್ ಅಂದರೆ ನಮ್ಮ ಕಣದಿಂದ ಹಳ್ಳದಾಚೆಯ ಹಲಸಿನ ಮರ ಅಂತ ಲೆಕ್ಕ ಹಾಕಿಕೊಂಡರು.

‘ಅಷ್ಟು ದೂರಕ್ಕೆ ಎಷ್ಟು ಬೆರಳು ಮಸಿ ಹಾಕ್ತಿಯಾ?’

ಗ್ರೇನಿನ ಲೆಕ್ಕ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ತೊಳೆದ ಒಂದು ಕೇಸು ತೆಗೆದುಕೊಂಡು, ಗುಂಡಿನ ಜಾಗ ಬಿಟ್ಟು, ತಳದಿಂದ ಮದ್ದು ನಿಲ್ಲುವ ಎತ್ತರಕ್ಕೆ ಅಡ್ಡ ಬೆರಳಿಟ್ಟು ಕ್ಯಾಮೆರಾಕ್ಕೆ ಹಿಡಿದೆ.

‘ಎರಡು ಬೆರಳು ಅಪ್ಪಯ್ಯ.’

‘ಥೋ, ಅದು ಕಾಗೆ ಈಡು ಮಾರಾಯ!’